2019ರಿಂದ ನಿಂತ ಮಾರುತಿ 800: ಬ್ರೇಕಿನ ಹಳೇ ಸಾಮಾನು ಹಾಕಬಹುದೇನ್ರಿ?

ಸಪ್ತಾಪುರ_800
ಧಾರವಾಡದಾಗ ಶೆಡ್ಡಿನೊಳಗ 2019ರಿಂದ ನಿಂತ ಗಾಡಿ, 1998ರ ಮಾಡೆಲ್. ಹ್ಯಾಂಡ್ ಬ್ರೇಕ್ ಎಳದೇ ನಿಲ್ಲಿಸಿದ್ದು. ಈಗ ಹಿಂದಿನ ಎಡ ಗಾಲಿ ತಿರಗವಲ್ದು. ಪೆಡಲ್ ಗಟ್ಟಿ ಐತಿ, ಹೊರಗ ಸೋರಿಕೆ ಕಾಣಂಗಿಲ್ಲ, ಬ್ರೇಕ್ ಆಯಿಲ್ ಕಪ್ಪಾಗೇತಿ. ಹತ್ತು ವರ್ಷದ ಹಿಂದ ತಂದಿಟ್ಟ ಸಾಮಾನೂ ಅದಾವು: ಪ್ಯಾಕ್ ಒಡೀದ ಎರಡು ವೀಲ್ ಸಿಲಿಂಡರ್ (ಗಾಲಿಯೊಳಗ ಶೂ ತಳ್ಳೂದು), ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೂದು) ರಬ್ಬರ್ ಕಿಟ್, ಒಂದು ಸೆಟ್ ಶೂ (ಡ್ರಮ್ಮಿಗೆ ಒತ್ತೂ ಬ್ರೇಕ್ ಪಟ್ಟಿ), ಸೀಲ್ ಇರೋ ಅರ್ಧ ಲೀಟರ್ ಆಯಿಲ್. ಯಾವುದು ನಡೀತೈತಿ, ಯಾವುದು ಬ್ಯಾಡ?

ಸ್ಪ್ಯಾನರ್_ಹುಬ್ಬಳ್ಳಿ
ಕಿಟ್ ಮತ್ತ ಆಯಿಲ್ ಒಗೀರಿ. ಬ್ರೇಕ್ ಆಯಿಲ್ ಗಾಳಿಯೊಳಗಿನ ತೇವ ಎಳಕೋತೈತಿ, ಪ್ಲಾಸ್ಟಿಕ್ ಡಬ್ಬಿ ವರ್ಷಗಟ್ಟಲೆ ಅದನ್ನ ತಡಿಯಂಗಿಲ್ಲ. ಡಾಟ್ 3 (ಬ್ರೇಕ್ ಆಯಿಲಿನ ಒಂದು ದರ್ಜೆ) ಹೊಸದಿದ್ದಾಗ ಕನಿಷ್ಠ 205 ಡಿಗ್ರಿಗೆ ಕುದಿಬೇಕು, ಸುಮಾರು 3.7 ಪರ್ಸೆಂಟ್ ನೀರು ಕೂಡಿದ್ರ 140ಕ್ಕ ಇಳೀತೈತಿ. ಇಳಿಜಾರಿನ್ಯಾಗ ಬ್ರೇಕ್ ಕಾದಾಗ ಒಳಗ ಆವಿ ಆಗಿ ಪೆಡಲ್ ತಳ ಮುಟ್ಟೂದು ಇದರಿಂದನ. ಗಾಡಿಯೊಳಗಿನ ಕಪ್ಪು ಆಯಿಲಿಗೂ ಇದೇ ಮಾತು.

ವೀಲ್ ಸಿಲಿಂಡರ್ ಪ್ಯಾಕ್ ಒಡದಿಲ್ಲ ಅಂದ್ರ ಹೊಸದು ಅಂತಲ್ಲ. ಬಿಚ್ಚಿ, ಬೋರ್ (ಒಳಗಿನ ಗುಂಡನೆ ತೂತು) ಸ್ಪಿರಿಟಿನಿಂದ ಒರಸಿ ಬೆಳಕಿಗೆ ಹಿಡೀರಿ. ಬರೇ ಕಲಿ ಇದ್ರ ಒರಸಿದ್ರ ಹೋಗತೈತಿ, ಹೊಸಾ ಕಪ್ (ಒಳಗಿನ ರಬ್ಬರ್ ಸೀಲ್) ಹಾಕಿ ಬಳಸ್ರಿ. ಉಗುರಿಗೆ ಗುಳಿ ತಾಗಿದ್ರ ಸಿಲಿಂಡರೇ ಬ್ಯಾಡ. ಪಾಲಿಶ್ ಹೊಡದ್ರೂ ಗುಳಿಯೊಳಗಿಂದ ಆಯಿಲ್ ಜಿನುಗಿ ಶೂ ಕೆಡತೈತಿ. ಪೆಟ್ರೋಲ್, ಸೀಮೆಎಣ್ಣಿ, ಸಾದಾ ಗ್ರೀಸ್ ರಬ್ಬರಿಗೆ ತಾಗಿಸಬ್ಯಾಡ್ರಿ, ಉಬ್ಬಿ ಹಾಳಾಗತಾವು. ಜೋಡಿಸುವಾಗ ಹೊಸಾ ಬ್ರೇಕ್ ಆಯಿಲ್ ಸವರಿದ್ರ ಸಾಕು.

ಹಾವೇರಿ_ಗಾಲಿ
ಹಿಡಿದುಕೊಂಡ ಗಾಲಿಯನ್ನು ಗಾಡಿ ಎಳೆದು ಬಿಡಿಸಲು ಹೋಗಬೇಡಿ, ಶೂ ಮೇಲಿನ ಲೈನರ್ ಕಿತ್ತು ಬರುತ್ತದೆ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಹ್ಯಾಂಡ್ ಬ್ರೇಕಿನ ಕೇಬಲ್ ಪೂರ್ತಿ ಸಡಿಲಿಸಿ. ನಡುವಿನ ನಟ್ ತೆಗೆದ ಮೇಲೆ ಡ್ರಮ್ಮಿನ (ಶೂಗಳನ್ನು ಮುಚ್ಚುವ ಗುಂಡನೆಯ ಭಾಗ) ಮುಖಕ್ಕೆ ಸುತ್ತಲೂ ಹಗುರಾಗಿ ತಟ್ಟಿ. ಅಂಚಿಗೆ ಹೊಡೆದರೆ ಬೀಡು ಕಬ್ಬಿಣ ಒಡೆಯುತ್ತದೆ. ಮುಖದಲ್ಲಿ ಥ್ರೆಡ್ ಇರುವ ಎರಡು ತೂತಿದ್ದರೆ 8 ಎಂಎಂ ಬೋಲ್ಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿದರೆ ಡ್ರಮ್ ತಾನೇ ಹೊರಬರುತ್ತದೆ.

ಸ್ಟಾಕಿನ ಶೂಗಳಲ್ಲಿ ಲೈನರಿನ ಅಂಚನ್ನು ನೋಡಿ. ಧಾರವಾಡದ ಮಳೆಗಾಲದ ತೇವಕ್ಕೆ ಕಬ್ಬಿಣದ ತಟ್ಟೆ ತುಕ್ಕು ಹಿಡಿದು ಲೈನರನ್ನು ಮೇಲಕ್ಕೆತ್ತಿರುತ್ತದೆ. ಕೂದಲೆಳೆಯಷ್ಟು ಸಂದು ಕಂಡರೂ ಬೇಡ, ಎಣ್ಣೆ ಕುಡಿದಿದ್ದರೂ ಬೇಡ. ಚೊಕ್ಕಟವಿದ್ದರೆ ಎರಡೂ ಕಡೆ ಒಟ್ಟಿಗೇ ಹಾಕಿ. ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಆದ್ದರಿಂದ ಡ್ರಮ್ಮಿನ ಪುಡಿಗೆ ಗಾಳಿ ಹೊಡೆಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಗದಗ_ರಿಂಚ್
ಪೆಡಲ್ ಗಟ್ಟಿ ಅದ ಅಂತ ಮಾಸ್ಟರ್ ಸಿಲಿಂಡರ್ ನಂಬಬ್ಯಾಡ್ರಿ. ಹಗುರಕ ಒತ್ತಿ ಒಂದು ನಿಮಿಷ ಹಿಡೀರಿ. ಮೆಲ್ಲಕ ಇಳಿದ್ರ ಒಳಗ ಕಪ್ ಬಿಟ್ಟದ. ಏರ್ (ಪೈಪಿನೊಳಗ ಸಿಕ್ಕ ಗಾಳಿ) ತೆಗಿಯೂವಾಗ ಪೆಡಲ್ ತಳದ ತನಕ ತುಳಿದ್ರ, ಇಷ್ಟು ವರ್ಷ ಓಡದ ಭಾಗದಾಗಿನ ತುಕ್ಕಿಗೆ ಕಪ್ ಹರೀತದ, ಅದಕ್ಕ ಪೆಡಲ್ ಕೆಳಗ ಕಟ್ಟಿಗಿ ತುಂಡು ಇಡಬೇಕು. ನನ್ನ ಕೇಳಿದ್ರ ಕಿಟ್ ಬದಲು ಪೂರಾ ಮಾಸ್ಟರ್ ಸಿಲಿಂಡರೇ ಹಾಕ್ರಿ. ರೊಕ್ಕ ಉಳಿಸೂ ಜಾಗಾ ಇದಲ್ಲ.

ರಬ್ಬರ್ ಹೋಸ್ ಎಲ್ಲಾ ಬದಲಿಸ್ರಿ. ಹೊರಗ ಚಲೋ ಕಂಡ್ರೂ ಒಳಪದರ ಉಬ್ಬಿದ್ರ ಒತ್ತಿದಾಗ ಆಯಿಲ್ ಹೋಗ್ತದ, ವಾಪಸ್ ಬರಂಗಿಲ್ಲ, ಗಾಲಿ ಹಿಡಕೊಂಡೇ ಇರ್ತದ. ಏರ್ ತೆಗಿಯೂ ನಿಪ್ಪಲ್ ಬಿಚ್ಚಿದ ಕೂಡ್ಲೆ ಗಾಲಿ ಸಡಿಲಾದ್ರ ತಪ್ಪು ಹೋಸಿಂದು ಅಥವಾ ಮಾಸ್ಟರಿಂದು, ಕ್ಯಾಲಿಪರಿಂದಲ್ಲ (ಮುಂದಿನ ಗಾಲಿಯ ಡಿಸ್ಕ್ ಹಿಡಿಯೂ ಭಾಗ). ಕಬ್ಬಿಣದ ಪೈಪ್ ಕ್ಲಿಪ್ ಬಿಚ್ಚಿ ನೋಡ್ರಿ, ತುಕ್ಕು ಅಲ್ಲೇ ಅಡಗಿರ್ತದ.

ಸಪ್ತಾಪುರ_800
ಮುಂದಿನ ಡಿಸ್ಕ್ ಮ್ಯಾಲ ತುಕ್ಕೈತಿ. ಕ್ಯಾಲಿಪರ್ ಬಿಚ್ಚಲೇಬೇಕೇನ್ರಿ?

ಸ್ಪ್ಯಾನರ್_ಹುಬ್ಬಳ್ಳಿ
ಬಿಚ್ಚಬೇಕ್ರಿ. ಪಿಸ್ಟನ್ ಹಿಂದಕ್ಕ ಎಳಿಯೂದು ಅದರ ಸುತ್ತಿನ ಚೌಕ ಸೀಲ್; ಅದು ಬಿರುಸಾದ್ರ ಪ್ಯಾಡ್ ಡಿಸ್ಕಿಗೆ ಉಜ್ಜಿ ಕಾಯತೈತಿ. ಪಿಸ್ಟನ್ ಮ್ಯಾಲ ಗುಳಿ ಇದ್ರ ಬದಲಿಸ್ರಿ, ಸ್ಲೈಡ್ ಪಿನ್‌ಗೆ ರಬ್ಬರ್ ಗ್ರೀಸ್ ಹಚ್ಚರಿ. ಡಿಸ್ಕಿನ ಮ್ಯಾಲಿನ ತುಕ್ಕು ಪ್ಯಾಡೇ ತೆಗೀತೈತಿ, ಆಳ ಗುಳಿ ಇದ್ರ ಲೇಥಿಗೆ ಒಯ್ರಿ, ಕನಿಷ್ಠ ದಪ್ಪ ಉಳಿದ್ರ ಮಾತ್ರ. ಒಂದು ಲೀಟರ್ ಹೊಸಾ ಡಾಟ್ 3 ತರ್ರಿ, ಸ್ವಚ್ಛ ಆಯಿಲ್ ಬರೋತನಕ ನಾಲ್ಕೂ ಗಾಲಿಯ ಏರ್ ತೆಗೀರಿ. ಆಮ್ಯಾಲೆ ಸಪಾಟ ಖಾಲಿ ರಸ್ತೆಯಾಗ 50 ಕಿ.ಮೀ. ವೇಗದಿಂದ 15ಕ್ಕ ಹಗುರಕ ಹತ್ತು ಸಲ ಇಳಿಸಿ, ನಾಲ್ಕೂ ಗಾಲಿಯ ಬಿಸಿ ಕೈಯಿ ಹತ್ತರ ಹಿಡದು ನೋಡ್ರಿ. ಒಂದೇ ಗಾಲಿ ಹೆಚ್ಚು ಕಾದಿದ್ರ ಬೈಪಾಸಿಗೆ ಒಯ್ಯಬ್ಯಾಡ್ರಿ.