ನೀರು ಸರಿದಾಗ ಕೆಸರಲ್ಲಿ ಕೂರದ ದೋಣಿ ಬೇಕು: ಟೆಕ್ಸಾಸ್ ಕರಾವಳಿಯ ಬಾತು ಬೇಟೆಗೆ ಯಾವುದು ತಗೊಳ್ಳಲಿ?

ಬಯಲುಸೀಮೆಯವ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನಿರುವುದು ಹ್ಯೂಸ್ಟನ್ ಹತ್ತಿರ, ಊರು ದಾವಣಗೆರೆ ಕಡೆ. ಕೆರೆಯಲ್ಲಿ ಕೂಡ ಸೊಂಟದ ಮಟ್ಟಕ್ಕಿಂತ ಮುಂದೆ ಹೋಗದವನು ದೋಣಿ ಬಗ್ಗೆ ಕೇಳುತ್ತಿದ್ದಾನೆ ಅಂತ ನಗಬೇಡಿ.

ಆಫೀಸಿನ ಗೆಳೆಯನೊಬ್ಬ ಮೂರು ವರ್ಷದ ಹಿಂದೆ ಬಾತು ಬೇಟೆಯ ಹುಚ್ಚು ಹತ್ತಿಸಿದ. ಲೈಸೆನ್ಸ್, ಬೇಟೆ ತರಬೇತಿ, ಬಾತು ಬೇಟೆಗೆ ಬೇಕಾದ 25 ಡಾಲರಿನ ಫೆಡರಲ್ ಡಕ್ ಸ್ಟ್ಯಾಂಪ್, ಎಲ್ಲಾ ಇದೆ. ನಾವು ಹೋಗುವುದು ಗ್ಯಾಲ್ವೆಸ್ಟನ್‌ನ ವೆಸ್ಟ್ ಬೇ, ಕ್ರಿಸ್‌ಮಸ್ ಬೇ ಎಂಬ ಕೊಲ್ಲಿಗಳ ಕಡೆ. ಇಬ್ಬರು ಆಳು, ಅವನ ಒಂದು ಲ್ಯಾಬ್ ನಾಯಿ, ಬಾತುಗಳನ್ನು ಸೆಳೆಯಲು ನೀರಲ್ಲಿ ತೇಲಿಬಿಡುವ ಮೂರು ಡಜನ್ ಡಿಕಾಯ್ ಗೊಂಬೆ.

ಸಮಸ್ಯೆ ಇದು. ಈಗಿರುವುದು ಗೆಳೆಯನ 17 ಅಡಿಯ ಫೈಬರ್‌ಗ್ಲಾಸ್ ದೋಣಿ, ತಳ ವಿ ಆಕಾರದ್ದು. ಕಳೆದ ಜನವರಿಯಲ್ಲಿ ಬೆಳಗಿನ ಜಾವ ಹುಲ್ಲಿನ ಅಂಚಿಗೆ ಹೋಗಿ ನಿಲ್ಲಿಸಿದೆವು. ಮೊಣಕಾಲು ಮಟ್ಟ ನೀರಿತ್ತು. ಜೋರು ಉತ್ತರ ಗಾಳಿ. ಒಂಬತ್ತು ಗಂಟೆಗೆ ತಿರುಗಿ ನೋಡಿದರೆ ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡು ಕೆಸರಿನ ಮೇಲೆ ಮಲಗಿತ್ತು. ಇಬ್ಬರೂ ಸೇರಿ ತಳ್ಳಿದರೆ ನಮ್ಮ ಕಾಲು ಹೂತವೇ ಹೊರತು ದೋಣಿ ಅಲುಗಾಡಲಿಲ್ಲ. ನೀರು ವಾಪಸ್ ಬಂದಿದ್ದು ಕತ್ತಲಾದ ಮೇಲೆ. ಅಷ್ಟು ಹೊತ್ತು ಎರಡು ಸ್ಯಾಂಡ್‌ವಿಚ್, ಒಂದು ಒದ್ದೆ ನಾಯಿ.

ಆದ್ದರಿಂದ ಕಡಿಮೆ ನೀರಲ್ಲಿ ಓಡುವ ದೋಣಿ ನೋಡುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಪರವಾಗಿಲ್ಲ, ಬಜೆಟ್ 8,000 ಡಾಲರ್. ನನ್ನ ಯೋಚನೆ: 14 ಅಡಿ ಉದ್ದ, 36 ಇಂಚು ತಳದ ಚಿಕ್ಕ ಅಲ್ಯೂಮಿನಿಯಂ ಜಾನ್ ಬೋಟ್ (ಚಪ್ಪಟೆ ತಳದ ದೋಣಿ), ಅದಕ್ಕೊಂದು ಮಡ್ ಮೋಟರ್, ಅಂದರೆ ಕೆಸರಲ್ಲೂ ಓಡುವ ಎಂಜಿನ್. ದೋಣಿ ಚಿಕ್ಕದಾದಷ್ಟೂ ಕಡಿಮೆ ನೀರು ಸಾಕು, ಅಲ್ವಾ?

ಗಂಗೊಳ್ಳಿ ದೋಣಿ

ಅಲ್ಲ ಮಾರಾಯ್ರೆ. ಅಲ್ಲೇ ಎಲ್ಲರೂ ಎಡವುವುದು.

ನಾನು ಗಂಗೊಳ್ಳಿಯವನು, ದೋಣಿ ವಿನ್ಯಾಸವೇ ಕಸುಬು. ಬಾತು ಹೊಡೆದವನಲ್ಲ. ಆದರೆ ಅಳಿವೆಯ ಕೆಸರಲ್ಲಿ ದೋಣಿ ತಳ್ಳುತ್ತಲೇ ಬೆಳೆದವನು. ಲೆಕ್ಕ ಸುಲಭ, ಒಂದು ಚೀಟಿಯ ಹಿಂದೆ ಮಾಡಬಹುದು.

ಒಂದು ಘನ ಅಡಿ ಉಪ್ಪುನೀರು ಸುಮಾರು 64 ಪೌಂಡ್ ತೂಗುತ್ತದೆ. ಅಂದರೆ ತಳದ ಒಂದು ಚದರ ಅಡಿ ಜಾಗ ಒಂದು ಇಂಚು ಮುಳುಗಿದರೆ 5.3 ಪೌಂಡ್ ಹೊರುತ್ತದೆ. ನಿಮ್ಮ 14 ಅಡಿ ದೋಣಿಯ ಮೂತಿ ಮೇಲಕ್ಕೆ ಬಾಗಿರುತ್ತದೆ, ಹಾಗಾಗಿ ನೀರಿಗೆ ತಾಗುವುದು 12 ಅಡಿ. ಅಗಲ 3 ಅಡಿ. ಒಟ್ಟು 36 ಚದರ ಅಡಿ. ಪ್ರತಿ ಇಂಚಿಗೆ 192 ಪೌಂಡ್.

ಈಗ ತೂಕ ಹಾಕಿ. ದೋಣಿ 200, ಮೋಟರ್ 120, ಚಳಿ ಬಟ್ಟೆ ಹಾಕಿದ ಇಬ್ಬರು 400, ನಾಯಿ 70, ಗೊಂಬೆ ಮತ್ತು ಅವು ತೇಲಿಹೋಗದಂತೆ ಕಟ್ಟುವ ಸೀಸದ ಭಾರ 80, ಪೆಟ್ರೋಲು ಬ್ಯಾಟರಿ 95, ಕೋವಿ ಕಾಡತೂಸು ಲಂಗರು ಇತ್ಯಾದಿ 100. ಒಟ್ಟು 1,065. ಭಾಗಿಸಿದರೆ ಐದೂವರೆ ಇಂಚು.

16 ಅಡಿ ಉದ್ದ, 48 ಇಂಚು ತಳದ್ದು ನೋಡಿ. ದೋಣಿ 400, 30 ಎಚ್‌ಪಿ ಮೋಟರ್ 170, ಉಳಿದದ್ದು ಅಷ್ಟೇ. ಒಟ್ಟು 1,315. ನೀರಿಗೆ ತಾಗುವ ತಳ 14 ಅಡಿಗೆ 4 ಅಡಿ, 56 ಚದರ ಅಡಿ, ಇಂಚಿಗೆ ಹತ್ತಿರ ಹತ್ತಿರ 300 ಪೌಂಡ್. ಮುಳುಗುವುದು 4.4 ಇಂಚು.

ದೊಡ್ಡ ದೋಣಿ, ಜಾಸ್ತಿ ತೂಕ, ಆದರೂ ಒಂದು ಇಂಚಿಗಿಂತ ಹೆಚ್ಚು ಮೇಲೆ ತೇಲುತ್ತದೆ. ಅಂಗಡಿಯವರು ಹೇಳುವ ಡ್ರಾಫ್ಟ್, ಅಂದರೆ ಮುಳುಗುವ ಆಳ, ಖಾಲಿ ದೋಣಿಯದ್ದು. ಖಾಲಿ ದೋಣಿಯಲ್ಲಿ ಯಾರು ಬೇಟೆಗೆ ಹೋಗುತ್ತಾರೆ?

ಇನ್ನೊಂದು ಮಾತು. ಈ 4.4 ದೋಣಿ ಸಮವಾಗಿ ಕೂತರೆ ಮಾತ್ರ. ಮೋಟರ್ ಹಿಂದೆ, ಅದನ್ನು ಓಡಿಸುವವನು ಹಿಂದೆ, ಬ್ಯಾಟರಿಯೂ ಹಿಂದೆ ಅಂದರೆ ಹಿಂಭಾಗ ಆರೇಳು ಇಂಚು ಇಳಿಯುತ್ತದೆ. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎರಡನ್ನೂ ಮುಂದಕ್ಕೆ ಹಾಕಿ.

ಕೇಜನ್ ಕನ್ನಡಿಗ

ಲೂಯಿಸಿಯಾನಾದಿಂದ ಬರೆಯುತ್ತಿದ್ದೇನೆ. ಗಂಗೊಳ್ಳಿ ಸರ್ ಹೇಳಿದ್ದಕ್ಕೆ ನನ್ನ ವೋಟು. ನಾನು ಮಡ್ ಮೋಟರ್ ಬಗ್ಗೆ ಮಾತ್ರ ಹೇಳುತ್ತೇನೆ, ಐದು ವರ್ಷ ಇಟ್ಟುಕೊಂಡಿದ್ದವನು.

ನಮ್ಮ ಕಡೆಯ ಜೌಗಿಗೆ ಅದು ದೇವರು. ಗಾಳಿಯಲ್ಲೇ ತಣ್ಣಗಾಗುವ ಎಂಜಿನ್, ನೀರು ಒಳಗೆ ಎಳೆಯುವುದಿಲ್ಲ, ಹಾಗಾಗಿ ಗಂಜಿಯಂಥ ಕೆಸರಲ್ಲೂ ಓಡುತ್ತದೆ. ನಿಮ್ಮ ಕಡೆ ತಳ ಎಲ್ಲೆಡೆ ಅಂಥದ್ದಲ್ಲ. ಕೆಸರಿನ ನಡುನಡುವೆ ಮರಳು, ಆಯ್ಸ್ಟರ್ ಚಿಪ್ಪಿನ ದಿಬ್ಬ. ಚಿಪ್ಪಿನ ಮೇಲೆ ಪ್ರೊಪೆಲ್ಲರ್ ಉಜ್ಜಿದರೆ ಒಂದೇ ಸೀಸನ್ನಿಗೆ ಸವೆದು ಹೋಗುತ್ತದೆ. ಗಟ್ಟಿ ಮರಳಲ್ಲಿ ಅದರ ಜಾದೂ ನಡೆಯುವುದಿಲ್ಲ. ಸದ್ದು ಬೇರೆ, ಕಿವಿ ಹೋಗುತ್ತದೆ. ತೆರೆದ ಬೇ ದಾಟಬೇಕಾದರೆ ನಿಧಾನ. ಜೊತೆಗೆ ಹೊರಗಿರುವ ಎಂಜಿನ್ನಿಗೆ ಉಪ್ಪುಗಾಳಿ ಹಿಡಿದರೆ ಒಂದೊಂದೇ ಬೋಲ್ಟ್ ತುಕ್ಕು.

ಜೆಟ್ ಔಟ್‌ಬೋರ್ಡ್ (ಪ್ರೊಪೆಲ್ಲರ್ ಬದಲು ನೀರು ಎಳೆದು ಹಿಂದಕ್ಕೆ ಚಿಮ್ಮಿಸುವ ಮೋಟರ್) ಅಂತ ಯಾರಾದರೂ ಹೇಳಬಹುದು. ಅದೇ ಎಂಜಿನ್ನಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಹೋಗುತ್ತದೆ, ಹುಲ್ಲು ಸಿಕ್ಕಿದರೆ ಬಾಯಿ ಕಟ್ಟಿಕೊಳ್ಳುತ್ತದೆ. ದೋಣಿಯ ಹಿಂಬದಿಗೆ ಸಿಕ್ಕಿಸುವ ಸಾಮಾನ್ಯ ಪ್ರೊಪೆಲ್ಲರ್ ಔಟ್‌ಬೋರ್ಡ್ ತಗೊಳ್ಳಿ, ಅದನ್ನು ಮೇಲೆ ಕೆಳಗೆ ಮಾಡುವ ಜ್ಯಾಕ್ ಪ್ಲೇಟ್ ಹಾಕಿಸಿ. ಸಾಕು.

ಬಯಲುಸೀಮೆಯವ

ಗಂಗೊಳ್ಳಿ ಸರ್, ಚೀಟಿ ಲೆಕ್ಕ ನೋಡಿ ತಲೆ ತಿರುಗಿತು, ಆಮೇಲೆ ನೆಟ್ಟಗಾಯಿತು. ಅಂದರೆ 16 ಅಡಿ, 48 ಇಂಚು. ಫೈಬರ್‌ಗ್ಲಾಸಾ, ಅಲ್ಯೂಮಿನಿಯಮ್ಮಾ? ಇನ್ನೊಂದು, ಒಂದು ಸ್ಕಿಫ್‌ನ (ಕಡಿಮೆ ನೀರಿನ ಹಗುರ ದೋಣಿ) ಜಾಹೀರಾತಿನಲ್ಲಿ "5 ಇಂಚು ನೀರಲ್ಲಿ ಓಡುತ್ತದೆ" ಅಂತಿದೆ. ಅದನ್ನು ನಂಬಬಹುದಾ?

ವೆಸ್ಟ್ ಬೇ ಹಳಬ

ಓಡುತ್ತದೆ, ಸುಳ್ಳಲ್ಲ. ನಿಂತರೆ ಮತ್ತೆ ಓಡುವುದಿಲ್ಲ.

ವೇಗದಲ್ಲಿರುವಾಗ ದೋಣಿ ನೀರಿನ ಮೇಲೆ ಎದ್ದು ಜಾರುತ್ತದೆ. ಆಗ ಐದಾರು ಇಂಚು ಸಾಕು. ಆದರೆ ನಿಂತಲ್ಲಿಂದ ಎದ್ದು ಆ ವೇಗಕ್ಕೆ ಬರಬೇಕಾದರೆ ಹಿಂಭಾಗ ಒಮ್ಮೆ ಚೆನ್ನಾಗಿ ಕುಸಿಯುತ್ತದೆ. ಅದಕ್ಕೆ ಒಂದು ಅಡಿಗಿಂತ ಜಾಸ್ತಿ ನೀರು ಬೇಕು. ಬಾತು ಬೇಟೆ ಅಂದರೆ ನಾಲ್ಕು ಗಂಟೆ ನಿಲ್ಲುವ ಕೆಲಸ. ಆದ್ದರಿಂದ "ಎಷ್ಟು ನೀರಲ್ಲಿ ಓಡುತ್ತದೆ" ಅಂತ ಕೇಳಬೇಡಿ. "ಸಾಮಾನೆಲ್ಲ ತುಂಬಿ ನಿಂತಲ್ಲಿಂದ ಎಷ್ಟು ನೀರಲ್ಲಿ ಏಳುತ್ತದೆ" ಅಂತ ಕೇಳಿ. ಮಾರುವವರ ಮುಖ ನೋಡಿ ಆಗ.

ಹಾಗೆ ಏಳಿಸಲು ಹೋಗಿ ಹುಲ್ಲು ಕಿತ್ತರೆ ಬೇರೆ ತೊಂದರೆ. ಕ್ರಿಸ್‌ಮಸ್ ಬೇ ತಳದಲ್ಲಿ ಸಮುದ್ರಹುಲ್ಲು ಇದೆ. 2013ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್ ಕರಾವಳಿಯಲ್ಲಿ ಪ್ರೊಪೆಲ್ಲರಿನಿಂದ ಅದನ್ನು ಬೇರುಸಹಿತ ಕೀಳುವುದು ಅಪರಾಧ. ಅಲ್ಲಿ ಮೋಟರ್ ಎತ್ತಿ, ಉದ್ದನೆಯ ಗಳ ಊರಿ ತಳ್ಳಿಕೊಂಡು ಹೋಗುವುದೇ ದಾರಿ.

ಈಗ ನಿಮ್ಮ ಜನವರಿ ಕಥೆ. ಇಲ್ಲಿ ಉಬ್ಬರ ಇಳಿತ ಇರುವುದೇ ಒಂದೂವರೆ ಅಡಿಯ ಆಸುಪಾಸು. ಅದಕ್ಕೇ ಗಾಳಿಯದ್ದೇ ಯಜಮಾನಿಕೆ. ಚಳಿ ಗಾಳಿ ಉತ್ತರದಿಂದ ಬೀಸಿದರೆ ಬೇ ನೀರನ್ನು ಗಲ್ಫ್ ಕಡೆಗೆ ತಳ್ಳುತ್ತದೆ. ಉಬ್ಬರದ ಪಟ್ಟಿಯಲ್ಲಿ ಬರೆದಿದ್ದಕ್ಕಿಂತ ಒಂದು ಅಡಿ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಗಾಳಿ ತಗ್ಗುವ ತನಕ ಬರುವುದಿಲ್ಲ. ಬಾತು ಚೆನ್ನಾಗಿ ಹಾರುವುದೂ ಅದೇ ದಿನ. ಏನು ಮಾಡೋದು! ಅಮೆರಿಕದ ಸಾಗರ ಮತ್ತು ಹವಾಮಾನ ಇಲಾಖೆಯಾದ ನೋವಾದ (NOAA) ಜಾಲತಾಣದಲ್ಲಿ ಗ್ಯಾಲ್ವೆಸ್ಟನ್ ಮಾಪಕಗಳ ಎರಡು ಗೆರೆ ಒಟ್ಟಿಗೆ ಕಾಣುತ್ತವೆ, ಒಂದು ಊಹೆಯದ್ದು, ಒಂದು ನಿಜವಾಗಿ ಅಳೆದದ್ದು. ಹಿಂದಿನ ರಾತ್ರಿ ಆ ಎರಡರ ನಡುವಿನ ಅಂತರ ನೋಡಿ. ಬೆಳೆಯುತ್ತಿದ್ದರೆ ದೋಣಿಯನ್ನು ಆಳದ ನೀರಲ್ಲೇ ಬಿಡಿ.

ಬಿಟ್ಟು? ನಡೆಯಿರಿ. ಪ್ಲಾಸ್ಟಿಕ್ ಸ್ಲೆಡ್ (ಚಕ್ರವಿಲ್ಲದ ಎಳೆಗಾಡಿ) ಒಂದು ತಗೊಂಡು ಗೊಂಬೆ, ಕೋವಿ ಎಲ್ಲಾ ಅದರಲ್ಲಿ ಹಾಕಿ ಎಳೆದುಕೊಂಡು ಹೋಗಿ. ಕೊನೆಯ 300 ಗಜ ನಡೆಯುವುದನ್ನು ತಪ್ಪಿಸಲು 20,000 ಡಾಲರಿನ ದೋಣಿ ಕೊಂಡವರನ್ನು ನೋಡಿದ್ದೇನೆ. ಅವರೂ ಕೊನೆಗೆ ಸ್ಲೆಡ್ಡೇ ಎಳೆಯುತ್ತಾರೆ.

ಚಿಪ್ಪಿನ ದಿಬ್ಬ ಇರುವ ಜಾಗಕ್ಕೆ ಅಲ್ಯೂಮಿನಿಯಂ. ಏಟು ಬಿದ್ದರೆ ತಗ್ಗು ಬೀಳುತ್ತದೆ, ಫೈಬರ್‌ಗ್ಲಾಸ್‌ನಂತೆ ಸೀಳುವುದಿಲ್ಲ. ವೆಲ್ಡ್ ಮಾಡಿದ್ದೇ ಇರಲಿ, ರಿವೆಟ್ ಹೊಡೆದದ್ದು ಕ್ರಮೇಣ ಸೋರುತ್ತದೆ. ಅಗಲ ತಳ ಅಲೆಗೆ ಪಟಪಟ ಬಡಿಯುತ್ತದೆ, ಸೊಂಟ ನೋಯುತ್ತದೆ, ಅದು ಒಪ್ಪಿಕೊಳ್ಳಬೇಕಾದ ಬೆಲೆ. 15 ನಾಟ್ ಗಾಳಿಗಿಂತ ಜಾಸ್ತಿ ಇದ್ದರೆ ನಾನಂತೂ ಬೇ ದಾಟುವುದಿಲ್ಲ.

ನೀವು ಕೆರೆಯಲ್ಲೂ ಸೊಂಟದ ಮಟ್ಟ ದಾಟದವರು ಅಂದಿರಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ. ಎದೆಮಟ್ಟದ ವೇಡರ್ಸ್‌ಗೆ (ನೀರು ಒಳಬಿಡದ ಉಡುಪು) ಹೊರಗಿಂದ ಬೆಲ್ಟ್ ಬಿಗಿಯಿರಿ. ಎಂಜಿನ್ ಆರಿಸುವ ದಾರವನ್ನು ಕೈಗೋ ಜಾಕೆಟ್ಟಿಗೋ ಸಿಕ್ಕಿಸಿ, 26 ಅಡಿಗಿಂತ ಚಿಕ್ಕ ದೋಣಿಗಳಿಗೆ 2021ರ ಏಪ್ರಿಲ್‌ನಿಂದ ಅದು ಕಾನೂನು. ಮೋಟರ್ ಆರಿಸಿ, ಅದರ ಓಟ ಪೂರ್ತಿ ನಿಂತ ಮೇಲಷ್ಟೇ ಗುಂಡು ಹೊಡೆಯಬಹುದು ಅನ್ನುವುದು ನಿಮಗೆ ತರಬೇತಿಯಲ್ಲೇ ಹೇಳಿರುತ್ತಾರೆ.

ಕೆರೆ ಏರಿ

ಕ್ಷಮಿಸಿ, ನಡುವೆ ಬಾಯಿ ಹಾಕುತ್ತೇನೆ. ನಾನು ಊರಲ್ಲಿ ಹಕ್ಕಿ ನೋಡುವವನು. ಸೂಜಿಬಾಲದ ಬಾತು ಚಳಿಗಾಲಕ್ಕೆ ನಮ್ಮ ಕೆರೆಗೂ ಬರುತ್ತದೆ. ಅದನ್ನೇ ಅಲ್ಲಿ ಹೊಡೆಯುವುದು ಓದಿ ಹೊಟ್ಟೆ ಚುರುಕ್ ಅಂದಿತು. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರ ತಿದ್ದುಪಡಿ ಬಂದ ಮೇಲೆ ಇದಕ್ಕೆಲ್ಲ ಅನುಮತಿ ಇಲ್ಲ.

ವೆಸ್ಟ್ ಬೇ ಹಳಬ

ನಿಮ್ಮ ಚುರುಕ್ ನ್ಯಾಯವಾದದ್ದೇ. ಇಲ್ಲಿಯ ವ್ಯವಸ್ಥೆ ಬೇರೆ. ದಿನಕ್ಕೆ ಇಷ್ಟೇ ಅಂತ ಮಿತಿ, ಕೋವಿಯಲ್ಲಿ ಮೂರೇ ಕಾಡತೂಸು, 1991ರಿಂದ ದೇಶದೆಲ್ಲೆಡೆ ಬಾತಿಗೆ ಸೀಸದ ಗುಂಡು ನಿಷೇಧ. 1934ರಿಂದ ಬರುತ್ತಿರುವ ಡಕ್ ಸ್ಟ್ಯಾಂಪ್ ಹಣ ಜೌಗು ಪ್ರದೇಶ ಉಳಿಸಲು ಹೋಗುತ್ತದೆ. ಒಪ್ಪಿ ಅಂತ ಹೇಳುತ್ತಿಲ್ಲ. ಚರ್ಚೆ ಬೇಕಾದರೆ ಬೇರೆ ಎಳೆ ಶುರು ಮಾಡಿ, ಅಲ್ಲಿಗೆ ಬರುತ್ತೇನೆ. ಇಲ್ಲಿ ದೋಣಿ ಮಾತಾಡೋಣ.

ಜರ್ಸಿ ಚಳಿ

ಸುಮ್ನೆ ಒಂದು ಹಳೇ ಕಥೆ. ನಾನಿರುವ ನ್ಯೂಜರ್ಸಿ ಕರಾವಳಿಯಲ್ಲಿ ಇದೇ ಸಮಸ್ಯೆಗೆ 1836ರ ಸುಮಾರಿಗೇ ಒಬ್ಬರು ಉತ್ತರ ಕೊಟ್ಟಿದ್ದಾರೆ. ವೆಸ್ಟ್ ಕ್ರೀಕ್‌ನ ಹೇಜಲ್ಟನ್ ಸೀಮನ್ ಕಟ್ಟಿದ ಬಾರ್ನಗಾಟ್ ಸ್ನೀಕ್‌ಬಾಕ್ಸ್. 12 ಅಡಿ ಉದ್ದ, 4 ಅಡಿ ಅಗಲ, ಚಮಚದ ಬೆನ್ನಿನಂಥ ತಳ, ಮೇಲೆ ಮುಚ್ಚಿದ ಡೆಕ್. ಬೇಟೆಗಾರ ಒಳಗೆ ಮಲಗುತ್ತಿದ್ದ, ಮೇಲೆ ಹುಲ್ಲು ಹೊದಿಸಿದರೆ ದೋಣಿಯೇ ಮರೆ. ಉದ್ದಕ್ಕೆ ಮೂರನೇ ಒಂದು ಪಾಲು ಅಗಲ ನೋಡಿ. ಗಂಗೊಳ್ಳಿ ಸರ್ ಹೇಳಿದ ಚದರ ಅಡಿಯ ಗುಟ್ಟು ಆಗಲೇ ಗೊತ್ತಿತ್ತು. ಆದರೆ ಅದು ಒಬ್ಬನಿಗೆ. ನಾಯಿ, ಗೆಳೆಯ ಇದ್ದರೆ ಆಗುವುದಿಲ್ಲ.

ಬಯಲುಸೀಮೆಯವ

ಏಳು ವಾರದ ಮೇಲೆ ಬರುತ್ತಿದ್ದೇನೆ. ದೋಣಿ ಸಿಕ್ಕಿತು! 16 ಅಡಿ, 48 ಇಂಚು ತಳ, ವೆಲ್ಡ್ ಮಾಡಿದ ಅಲ್ಯೂಮಿನಿಯಂ, 30 ಎಚ್‌ಪಿ, ಟ್ರೈಲರ್ ಸಮೇತ 6,800. ಹಿಂದಿನ ಮಾಲೀಕರು ಒಳಗೆ ಚೆಂದದ ಪ್ಲೈವುಡ್ ನೆಲ ಹಾಕಿಸಿದ್ದಾರೆ.

ಎಲ್ಲಾ ಸಾಮಾನು, ಗೆಳೆಯ, ನಾಯಿ ಸಮೇತ ನೀರಿಗಿಳಿಸಿ ಟೇಪಿನಲ್ಲಿ ಅಳೆದೆ. ಮುಂದೆ 4 ಇಂಚು, ಹಿಂದೆ ಆರೂಕಾಲು. ಬ್ಯಾಟರಿ, ಟ್ಯಾಂಕ್ ಮುಂದೆಯೇ ಇವೆ. ಸರ್, ನಿಮ್ಮ 4.4 ಎಲ್ಲಿ ಹೋಯಿತು?

ಗಂಗೊಳ್ಳಿ ದೋಣಿ

ನಾಲ್ಕು ಮತ್ತು ಆರೂಕಾಲು, ಸರಾಸರಿ 5.1. ಮುಕ್ಕಾಲು ಇಂಚು ಹತ್ತಿರ ಜಾಸ್ತಿ. ಇಂಚಿಗೆ 300 ಪೌಂಡ್ ಅಂದರೆ ನಿಮ್ಮ ದೋಣಿಯಲ್ಲಿ ನೀವು ತುಂಬದ 200 ಪೌಂಡ್ ಎಲ್ಲೋ ಕೂತಿದೆ. ನನ್ನದು ಚೀಟಿ ಲೆಕ್ಕ, 50 ಪೌಂಡ್ ಆಚೀಚೆ ಆಗಬಹುದು, 200 ಆಗುವುದಿಲ್ಲ.

ಆ ಚೆಂದದ ನೆಲ ಬಿಚ್ಚಿ. ಪ್ಲೈವುಡ್ಡಿಗೆ ತೂಕ ಇದೆ. ಅದರ ಕೆಳಗಿನ ಫೋಮ್ ನೀರು ಕುಡಿದಿರಬೇಕು. ಇನ್ನೊಂದು ಭಯ: ಆ ಪ್ಲೈವುಡ್ ಹುಳ ಹಿಡಿಯದ ಔಷಧಿ ಹಾಕಿದ್ದಾದರೆ ಅದರಲ್ಲಿ ತಾಮ್ರ ಇರುತ್ತದೆ. ತಾಮ್ರ, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಸೇರಿದರೆ ತಳವನ್ನು ಒಳಗಿಂದಲೇ ತಿನ್ನುತ್ತದೆ.

ಬಯಲುಸೀಮೆಯವ

ಬಿಚ್ಚಿದೆ. ಹಸಿರು ಛಾಯೆಯ ಪ್ಲೈವುಡ್ಡೇ. ಕೆಳಗೆ ಅಲ್ಲಲ್ಲಿ ಬಿಳಿ ಪುಡಿ, ಉಗುರು ಹಾಕಿದರೆ ಸಣ್ಣ ಗುಳಿ. ತೂತು ಬಿದ್ದಿಲ್ಲ. ಫೋಮ್ ಹಿಂಡಿದರೆ ಸ್ಪಂಜಿನಂತೆ ನೀರು. ಎರಡನ್ನೂ ಬಾತ್‌ರೂಮ್ ತಕ್ಕಡಿಯಲ್ಲಿ ತುಂಡು ತುಂಡಾಗಿ ತೂಗಿದೆ, 225 ಪೌಂಡ್. ಹೆಂಡತಿ ಈಗ ಆ ತಕ್ಕಡಿ ಮುಟ್ಟುವುದಿಲ್ಲ. ಫೋಮ್ ಇಲ್ಲದೇ ಓಡಿಸಬಹುದಾ?

ಗಂಗೊಳ್ಳಿ ದೋಣಿ

ಬೇಡ. ದೋಣಿ ತುಂಬಿದಾಗ ಮುಳುಗದೆ ಇರಿಸುವುದೇ ಅದು. ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ಅಷ್ಟೇ ಗಾತ್ರದ್ದು ಹಾಕಿ. ನೆಲಕ್ಕೆ ತೆಳು ಅಲ್ಯೂಮಿನಿಯಂ ಹಾಳೆ. ಗುಳಿಗಳನ್ನು ತಿಕ್ಕಿ ತೊಳೆದು ವೆಲ್ಡಿಂಗ್ ಗೊತ್ತಿರುವವರಿಗೆ ತೋರಿಸಿ. ಉಪ್ಪುನೀರಿಗೆ ಸತುವಿನ ಇಲ್ಲವೇ ಅಲ್ಯೂಮಿನಿಯಮ್ಮಿನ ಆನೋಡ್ (ದೋಣಿಯ ಬದಲು ತಾನೇ ಸವೆಯುವ ಲೋಹದ ತುಂಡು) ಹಾಕಿ, ಮೆಗ್ನೀಸಿಯಂ ಬೇಡ, ಅದು ಸಿಹಿನೀರಿಗೆ.

ಬಯಲುಸೀಮೆಯವ

ಎಲ್ಲಾ ಮುಗಿಸಿ ಶನಿವಾರ ಮತ್ತೆ ಅಳೆದೆ. ಮುಂದೆ ಮೂರೂವರೆ, ಹಿಂದೆ ಐದೂಕಾಲು. ಸರಾಸರಿ ನೀವೇ ಹಾಕಿಕೊಳ್ಳಿ ಸರ್.

ಭಾನುವಾರ ಉತ್ತರ ಗಾಳಿ ಇತ್ತು. ಎರಡು ಗೆರೆ ದೂರ ಸರಿಯುತ್ತಿದ್ದವು, ದೋಣಿಯನ್ನು ಕಾಲುವೆಯಲ್ಲೇ ಲಂಗರು ಹಾಕಿ ಸ್ಲೆಡ್ ಎಳೆದುಕೊಂಡು ನಡೆದೆವು. ನಾಲ್ಕು ಬಾತು. ವಾಪಸ್ ಬಂದಾಗ ದೋಣಿ ತೇಲುತ್ತಿತ್ತು. ಸ್ಲೆಡ್ಡಿನ ಹಗ್ಗ ಮಾತ್ರ ಗಿಡ್ಡ, ಹೆಜ್ಜೆ ಹಾಕಿದಾಗಲೆಲ್ಲ ಹಿಮ್ಮಡಿಗೆ ಬಡಿಯುತ್ತಿತ್ತು. ಎಷ್ಟು ಉದ್ದ ಇರಬೇಕು?

ವೆಸ್ಟ್ ಬೇ ಹಳಬ

ಹತ್ತು ಅಡಿ. ಕೈಯಲ್ಲಿ ಹಿಡಿಯಬೇಡಿ, ಸೊಂಟದ ಬೆಲ್ಟಿಗೆ ಕಟ್ಟಿ, ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ. ಗೆಳೆಯನ ನಾಯಿಯನ್ನು ಸ್ಲೆಡ್ ಮೇಲೆ ಕೂರಿಸಬೇಡಿ, ಒಮ್ಮೆ ಕೂತರೆ ಇಳಿಯುವುದಿಲ್ಲ.