ರೇವಾಲ್ ಬಿಟ್ಟು ಕುಣಿಯುತ್ತಿರುವ ಕುದುರೆ ಮರಿ, ಏನು ಮಾಡಲಿ?

ತೋಟದಕುದುರೆ (ಶಿರಸಿ): ನಮ್ಮದು ಮಾರವಾಡಿ ಹೆಣ್ಣು ಕುದುರೆ, ಅದರ ಗಂಡು ಮರಿ. ತಾಯಿ ರೇವಾಲ್ ಚಾಲು, ಅಂದರೆ ಮೈ ಕುಲುಕದ ನಡಿಗೆ, ಹಿಡಿದರೆ ಮೇಲೆ ಕೂತವರ ಕೈಯಲ್ಲಿನ ಚಾ ಚೆಲ್ಲುವುದಿಲ್ಲ. ಮರಿಯೂ ಅದರ ಪಕ್ಕದಲ್ಲಿ ಟಕಟಕ ಟಕಟಕ ಅಂತ ನಾಲ್ಕು ಏಟಿನಲ್ಲಿ ಬರುತ್ತಿತ್ತು. 15 ದಿನದಿಂದ ಎಲ್ಲ ಹಾಳು. ಎರಡು ಹೆಜ್ಜೆ ಸರಿ, ಆಮೇಲೆ ಬರೀ ಕುಣಿತ. ದಿನಾ ಅರ್ಧ ಗಂಟೆ ಹಗ್ಗ ಹಿಡಿದು ಸುತ್ತಿಸುತ್ತಿದ್ದೇನೆ, ಏನೂ ಪ್ರಯೋಜನವಿಲ್ಲ. ತಲೆ ಕೆಟ್ಟುಹೋಗಿದೆ.

ಹಳಿಯಾಳಸವಾರ: ಸುಲಭ. ಮುಂಗಾಲಿಗೆ ಭಾರದ ಗೆಜ್ಜೆ ಕಟ್ಟಿ. ಕಾಲು ತಾನಾಗೇ ಎತ್ತುತ್ತದೆ.

ಕುಮಟೆಕಡಲು: ವಯಸ್ಸೆಷ್ಟು ಅಂತ ಹೇಳಲೇ ಇಲ್ಲವಲ್ಲ ಮಾರಾಯ್ರೆ?

ತೋಟದಕುದುರೆ: 11 ತಿಂಗಳು.

ಕುಮಟೆಕಡಲು: 11 ತಿಂಗಳ ಮರಿಗೆ ಅರ್ಧ ಗಂಟೆ ಸಣ್ಣ ಸುತ್ತಾ! ಎಳೆ ಮೂಳೆ, ಕೀಲು ಹಾಳಾಗುತ್ತದೆ. 3 ವರ್ಷದವರೆಗೆ ಬೆನ್ನ ಮೇಲೆ ಕೂರುವ ಮಾತೇ ಬೇಡ. ಈಗ ಮೈ ಮುಟ್ಟಿಸಿಕೊಳ್ಳಬೇಕು, ಕಾಲೆತ್ತಿ ಕೊಡಬೇಕು, ಹಗ್ಗಕ್ಕೆ ಎಳೆಯದೆ ನಡೆಯಬೇಕು. ಅಷ್ಟು ಕಲಿತರೆ ಸಾಕು. ಗೆಜ್ಜೆ ಅಂತೂ ಬೇಡವೇ ಬೇಡ.

ಹಳಿಯಾಳಸವಾರ: ನಾವೂ ಮೂರು ಕುದುರೆ ಸಾಕಿದವರೇ ಸ್ವಾಮಿ. ಗೆಜ್ಜೆ ಕಟ್ಟಿಯೇ ಕಲಿಸಿದ್ದು.

ಯಲ್ಲಾಪುರ12: ಚಾಲು ಕಲಿಸಿದರೆ ಬರುವುದಲ್ಲ, ರಕ್ತದಲ್ಲೇ ಇರಬೇಕು. ಐಸ್‌ಲ್ಯಾಂಡ್ ಕುದುರೆಗಳ ಚಾಲಿಗೆ ಡಿಎಂಆರ್‌ಟಿ3 ಅನ್ನುವ ಜೀನಿನ ಬದಲಾವಣೆ ಕಾರಣ ಅಂತ 2012ರಲ್ಲೇ ಪತ್ತೆಯಾಗಿದೆ. ಮರಿಯ ತಂದೆ ಯಾವುದು, ಅದು ಹೇಳಿ.

ಹಳಿಯಾಳಸವಾರ: ಐಸ್‌ಲ್ಯಾಂಡಿಗೂ ಶಿರಸಿಗೂ ಏನ್ರೀ ಸಂಬಂಧ? ಮೊನ್ನೆವರೆಗೆ ಇದ್ದ ರಕ್ತ 15 ದಿನದಲ್ಲಿ ಬದಲಾಯಿತಾ?

ಹೊನ್ನಾವರಲಾಯ: ನಡುವೆ ಒಂದು ಮಾತು. ನಾನು ಹೊಸ ಲಾಯ ಕಟ್ಟಿಸಿದೆ. ರಬ್ಬರ್ ಮ್ಯಾಟ್, ಎರಡು ಫ್ಯಾನ್, ಸಿಸಿ ಕ್ಯಾಮೆರಾ ಎಲ್ಲ ಇದೆ. ಕುದುರೆ ಇನ್ನೂ ತಂದಿಲ್ಲ.

ತೋಟದಕುದುರೆ: ದಯವಿಟ್ಟು ವಿಷಯಕ್ಕೆ ಬನ್ನಿ. ವಿಚಿತ್ರ ಅಂದರೆ ಗದ್ದೆಯ ಹುಲ್ಲಿನ ಮೇಲೆ ಸರಿಯಾಗೇ ಹೋಗುತ್ತದೆ. ಅಂಗಳದ ಗಟ್ಟಿ ಜಂಬಿಟ್ಟಿಗೆ ಮೇಲೆ ಬಂದ ಕೂಡಲೇ ಕುಣಿತ.

ಕುಮಟೆಕಡಲು: ಇದನ್ನು ಮೊದಲೇ ಹೇಳಬಾರದಾ? ಅದು ಚಾಲು ಮರೆತದ್ದಲ್ಲ, ಕಾಲು ನೋವು. ಗೊರಸು ಯಾವಾಗ ಕೆತ್ತಿಸಿದ್ದು? ರಾತ್ರಿ ಎಲ್ಲಿ ಕಟ್ಟುತ್ತೀರಿ?

ತೋಟದಕುದುರೆ: ಎಲ್ಲಿ ಅಂದರೆ? ಕೊಟ್ಟಿಗೆಯಲ್ಲಿ, ದನಗಳ ಜೊತೆ. ದಿನಾ ಹೊಸ ಸೊಪ್ಪು ಹಾಸುತ್ತೇವೆ. ಗೊರಸು ಮಳೆಗಾಲಕ್ಕೆ ಮೊದಲು ಕೆತ್ತಿಸಿದ್ದು.

ಕುಮಟೆಕಡಲು: ಸಿಕ್ಕಿತು ನೋಡಿ. ಸೊಪ್ಪು, ಸಗಣಿ, ಗಂಜಲ ಸೇರಿ ಗೊಬ್ಬರ ಚೆನ್ನಾಗಿ ಆಗುತ್ತದೆ. ಎಮ್ಮೆ ಅದರಲ್ಲೇ ಮಲಗಿ ಮೆಲುಕು ಹಾಕುತ್ತದೆ. ಕುದುರೆ ಗೊರಸು ಮಾತ್ರ ಆ ಹಸಿಯಲ್ಲಿ ಕೊಳೆಯುತ್ತದೆ. ಕಾಲೆತ್ತಿ ಅಡಿ ನೋಡಿ. ನಡುವೆ ಮೆತ್ತನೆ ತ್ರಿಕೋನ ಇದೆಯಲ್ಲ, ಅದರ ಪಕ್ಕದ ಸಂದಿ ಕೆರೆದು ಮೂಸಿ.

ತೋಟದಕುದುರೆ: ಮೂಸಿದೆ. ಮಧ್ಯಾಹ್ನ ಊಟ ಸೇರಲಿಲ್ಲ. ಎಡ ಮುಂಗಾಲಿನ ಸಂದಿ ತುಂಬ ಕಪ್ಪು ಲೋಳೆ. ಹೆಬ್ಬೆರಳಲ್ಲಿ ಒತ್ತಿದರೆ ಕಾಲು ಕಿತ್ತುಕೊಳ್ಳುತ್ತದೆ. ಅಡಿಕೆಗೆ ಹೊಡೆಯಲು ತಂದ ಮೈಲುತುತ್ತ ಉಳಿದಿದೆ, ಹಾಕಲಾ?

ಕುಮಟೆಕಡಲು: ಪುಡಿ ಸುರಿಯಬೇಡಿ, ಹಸಿ ಮಾಂಸ ಸುಟ್ಟೀತು. ಕೆರೆದು, ತೊಳೆದು, ಚೆನ್ನಾಗಿ ಒಣಗಿಸಿ, ಅಯೋಡಿನ್ ಅದ್ದಿದ ಹತ್ತಿ ಸಂದಿಗೆ ತುಂಬಿ. ದನದ ಡಾಕ್ಟರಿಗೆ ತೋರಿಸಿ, ಧನುರ್ವಾಯುವಿನ ಇಂಜೆಕ್ಷನ್ ಬಗ್ಗೆ ಕೇಳಿ. ಕುದುರೆಗೆ ಅದು ಬೇಗ ತಗಲುತ್ತದೆ. ಗೊರಸು 6 ವಾರಕ್ಕೊಮ್ಮೆ ಕೆತ್ತಿಸಿ. ನೆಲ ಒಣಗಿರದಿದ್ದರೆ ಯಾವ ಔಷಧಿಯೂ ದಂಡ.

ಯಲ್ಲಾಪುರ12: ತಂದೆ ಯಾವುದು ಅಂತ ಹೇಳಲಿಲ್ಲ.

ಹಳಿಯಾಳಸವಾರ: ವಾಸಿಯಾದ ಮೇಲೆ ಒಮ್ಮೆ ಗೆಜ್ಜೆ ಕಟ್ಟಿ ನೋಡಿ.

ತೋಟದಕುದುರೆ (25 ದಿನದ ನಂತರ): ಡಾಕ್ಟರು ಬಂದು ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದರು. ಸುತ್ತಿಸುವುದು ನಿಲ್ಲಿಸಿದ್ದೇನೆ. ಮರಿ ಈಗ ಅಡಿಕೆ ಹರಡುವ ಮಾಡಿನ ಕೆಳಗೆ, ಒಣ ಹುಲ್ಲಿನ ಮೇಲೆ. ನಿನ್ನೆ ಅಂಗಳದಲ್ಲಿ ಹತ್ತು ಹೆಜ್ಜೆ ರೇವಾಲ್ ಬಂತು! ಆದರೆ ಕೊಯ್ಲು ಹತ್ತಿರ ಬಂತು. "ಅಡಿಕೆ ಎಲ್ಲಿ ಹರಡುವುದು, ನಿನ್ನ ಕುದುರೆ ಬೆನ್ನ ಮೇಲಾ?" ಅಂತ ಆಯಿ ಕೇಳುತ್ತಿದ್ದಾಳೆ. ಹೊನ್ನಾವರದವರೇ, ನಿಮ್ಮ ಲಾಯ ಇನ್ನೂ ಖಾಲಿ ಇದೆಯಾ?