ಯಕ್ಷಗಾನ ಡಿವಿಡಿಗಳ ಐಎಸ್ಒ: ಜಿಪ್ ಮಾಡಿದರೆ ಜಾಗ ಉಳಿಯುತ್ತದಾ?

ಬನವಾಸಿರೋಡ್ ಹೆಗಡೆ, ಶಿರಸಿ: ಹಾರ್ಡ್‌ಡಿಸ್ಕ್ ಭರ್ತಿ ಆಗಿದೆ. ಅದರಲ್ಲಿರುವುದು ಯಕ್ಷಗಾನ ಡಿವಿಡಿಗಳ ಐಎಸ್ಒ (ಇಡೀ ಡಿಸ್ಕಿನ ಪಡಿಯಚ್ಚು ಫೈಲು, ಅಂದರೆ ಇಮೇಜ್), ತಾಳಮದ್ದಲೆ ಆಡಿಯೊ ಸಿಡಿಗಳ ಬಿನ್-ಕ್ಯೂ (ಬಿನ್‌ನಲ್ಲಿ ಧ್ವನಿ, ಕ್ಯೂನಲ್ಲಿ ಟ್ರ್ಯಾಕುಗಳ ಪಟ್ಟಿ), ಮತ್ತೆ ಅಂಗಡಿಯ ಹಳೇ ಕಂಪ್ಯೂಟರಿನ ಪೂರ್ತಿ ಡಿಸ್ಕ್ ಇಮೇಜ್. ನಮ್ಮಲ್ಲಿಯ ಮಳೆಗಾಲಕ್ಕೆ ಸಿಡಿ ಡಿವಿಡಿ ಎಲ್ಲ ಬೂಸ್ಟು ಹಿಡಿಯುತ್ತವೆ ಅಂತಲೇ ಇಮೇಜ್ ತೆಗೆದಿಟ್ಟದ್ದು. ಎಲ್ಲವನ್ನೂ ಸೆವೆನ್‌ಜಿಪ್ ಎಂಬ ಕುಗ್ಗಿಸುವ ಸಾಫ್ಟ್‌ವೇರಿಗೆ ಹಾಕಿ 'ಅಲ್ಟ್ರಾ' (ಅತಿ ಹೆಚ್ಚು ಕುಗ್ಗಿಸುವ ಆಯ್ಕೆ) ಕೊಟ್ಟರೆ ಎಷ್ಟು ಉಳಿದೀತು?

ಕುಮಟಾ ಸ್ಟುಡಿಯೊ: ಡಿವಿಡಿಯಲ್ಲಿ ಏನೂ ಉಳಿಯಲ್ಲ ಹೆಗಡೇರೆ. ಅದರೊಳಗಿರುವ ವಿಡಿಯೊ ಎಂಪೆಗ್-2, ಅಂದರೆ ಆಗಲೇ ಕುಗ್ಗಿಸಿದ್ದು. ಕುಗ್ಗಿಸದಿದ್ದರೆ 720-576 ಅಳತೆಯ ಪಾಲ್ (ನಮ್ಮ ಹಳೇ ಟಿವಿ ಪದ್ಧತಿ) ವಿಡಿಯೊ ಸೆಕೆಂಡಿಗೆ 15 ಎಂಬಿ ನುಂಗುತ್ತದೆ, 4.7 ಜಿಬಿ ಡಿಸ್ಕು ಐದೇ ನಿಮಿಷಕ್ಕೆ ಮುಗಿಯುತ್ತಿತ್ತು. ಅದನ್ನು ಮತ್ತೆ ಜಿಪ್ ಮಾಡುವುದು ಒಣಗಿದ ಅಡಿಕೆಯನ್ನು ಮತ್ತೆ ಅಂಗಳಕ್ಕೆ ಹರವಿದ ಹಾಗೆ. ರಾತ್ರಿಯಿಡೀ ಸಿಪಿಯು ಬಿಸಿ ಮಾಡಿ ಸಿಗುವುದು ನೂರಕ್ಕೆ ಒಂದೋ ಎರಡೋ.

ಬೈತಖೋಲ ಬಂದರು: ಜಿಪ್ ಯಾಕೆ ಬೇಕು? ಎಚ್.265 ಎಂಬ ಇನ್ನೂ ಹೆಚ್ಚು ಕುಗ್ಗಿಸುವ ವಿಡಿಯೊ ರೂಪಕ್ಕೆ ಬದಲಿಸಿ, ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ಕೂರುತ್ತದೆ. ಮೊಬೈಲಲ್ಲೂ ನೋಡಬಹುದು. ಐಎಸ್ಒ ಅಳಿಸಿಬಿಡಿ.

ಗುಣವಂತೆ ಕಡೆಯವ: ದಯವಿಟ್ಟು ಅಳಿಸಬೇಡಿ. ಜಿಪ್ ಬಿಚ್ಚಿದರೆ ಮೂಲ ಫೈಲು ಒಂದು ಬಿಟ್ ಬಿಡದೆ ವಾಪಸ್ ಸಿಗುತ್ತದೆ. ಎಚ್.265ಗೆ ಬದಲಿಸಿದ ಮೇಲೆ ಮೂಲ ಎಂದೂ ಸಿಗಲ್ಲ. ಕ್ಯಾಮರಾದಲ್ಲಿ ಹಿಡಿದ ಪಾಲ್ ಡಿವಿಡಿಗಳಲ್ಲಿ ಹೆಚ್ಚಿನವು ಇಂಟರ್‌ಲೇಸ್ಡ್, ಸೆಕೆಂಡಿಗೆ 50 ಅರ್ಧಚಿತ್ರ (ಒಂದರಲ್ಲಿ ಬೆಸ ಸಾಲುಗಳು, ಮುಂದಿನದರಲ್ಲಿ ಸಮ ಸಾಲುಗಳು). ಬದಲಿಸುವ ಸಾಫ್ಟ್‌ವೇರುಗಳು ಎಷ್ಟೋ ಸಲ ಅದನ್ನು 25 ಚಿತ್ರ ಮಾಡಿಬಿಡುತ್ತವೆ. ಮಾತಿನ ಪ್ರಸಂಗದಲ್ಲಿ ಗೊತ್ತಾಗಲ್ಲ. ಮಂಡಿ ಕುಣಿತ ಹಾಕಿ ನೋಡಿ: ಕಾಲಿನ ಚಲನೆ ಕಲಸಿಹೋಗುತ್ತದೆ, ಗೆಜ್ಜೆಯ ಸದ್ದಿಗೆ ಸರಿಯಾಗಿ ಹೆಜ್ಜೆ ಬಿದ್ದದ್ದು ಕಾಣುವುದೇ ಇಲ್ಲ. ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ ಹೋದರು, ಚಿಟ್ಟಾಣಿಯವರು 2017ರಲ್ಲಿ. ಅವರ ಕುಣಿತವನ್ನು ಇನ್ನೊಮ್ಮೆ ಶೂಟ್ ಮಾಡಲಿಕ್ಕೆ ಆಗುತ್ತದಾ?

ಬೈತಖೋಲ ಬಂದರು: ಅದು ಸೆಟ್ಟಿಂಗ್ ತಪ್ಪು ಮಾರಾಯ್ರೆ, ಕೊಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ತಪ್ಪಲ್ಲ. 'ಬಾಬ್' ಡಿಇಂಟರ್‌ಲೇಸ್ (ಪ್ರತಿ ಅರ್ಧಚಿತ್ರವನ್ನೂ ಒಂದು ಪೂರ್ತಿ ಚಿತ್ರ ಮಾಡುವ ಆಯ್ಕೆ) ಕೊಟ್ಟು 50 ಚಿತ್ರವನ್ನೂ ಉಳಿಸಿಕೊಳ್ಳಬಹುದು. ನೋಡುವವರಿಗೆ ಅಷ್ಟು ಸಾಲದಾ? ಹೊಸ ಡಿಸ್ಕಿಗೆ ಎಲ್ಲರ ಹತ್ತಿರವೂ ದುಡ್ಡಿರುವುದಿಲ್ಲ.

ಗುಣವಂತೆ ಕಡೆಯವ: ನೋಡಲಿಕ್ಕೆ ಸಾಕು, ನಾನೂ ಮಾಡುತ್ತೇನೆ. ಆದರೆ ಅದು ನೋಡುವ ಪ್ರತಿ. ನಾಳೆ ಇನ್ನೂ ಒಳ್ಳೆಯ ಡಿಇಂಟರ್‌ಲೇಸರ್ ಬಂದರೆ ಮೂಲ ಇದ್ದವರಿಗೆ ಮಾತ್ರ ಉಪಯೋಗ. ದುಡ್ಡಿನ ಮಾತು ಒಪ್ಪುತ್ತೇನೆ. ಅದಕ್ಕೇ ಬೇರೆ ಕಡೆ ಜಾಗ ಹುಡುಕೋಣ.

ಕುಮಟಾ ಸ್ಟುಡಿಯೊ: ಜಾಗ ಇರುವುದು ಆ ಅಂಗಡಿ ಕಂಪ್ಯೂಟರಿನ ಇಮೇಜಿನಲ್ಲಿ. 500 ಜಿಬಿ ಡಿಸ್ಕಲ್ಲಿ 60 ಜಿಬಿಯಷ್ಟೇ ಫೈಲ್ ಇದ್ದರೂ ಕಚ್ಚಾ ಇಮೇಜ್ 500 ಜಿಬಿಯೇ ಆಗುತ್ತದೆ, ಖಾಲಿ ಸೆಕ್ಟರೂ (ಡಿಸ್ಕಿನ ಚಿಕ್ಕ ತುಂಡು) ಲೆಕ್ಕಕ್ಕೆ ಬರುತ್ತದೆ. ಸೊನ್ನೆಗಳ ಉದ್ದನೆ ಸಾಲು ಕುಗ್ಗಿದರೆ ಹೆಚ್ಚುಕಮ್ಮಿ ಮಾಯ. ಒಂದು ತೊಡಕು: ಅಳಿಸಿದ ಫೈಲಿನ ಹೆಸರು ಹೋಗುತ್ತದೆ, ಬೈಟುಗಳು ಅಲ್ಲೇ ಬಿದ್ದಿರುತ್ತವೆ. ಖಾಲಿ ಅಂತ ಕಂಡ ಜಾಗ ನಿಜವಾಗಿ ಖಾಲಿ ಇರಲ್ಲ, ಹಾಗಾಗಿ ಕುಗ್ಗಲ್ಲ. ಹಳೇ ಕಂಪ್ಯೂಟರು ಇನ್ನೂ ಚಾಲೂ ಆಗುತ್ತಿದ್ದರೆ ವಿಂಡೋಸ್‌ನಲ್ಲಿ ಎಸ್‌ಡಿಲೀಟ್ ಎಂಬ ಮೈಕ್ರೋಸಾಫ್ಟ್‌ನ ಪುಟ್ಟ ಸಾಫ್ಟ್‌ವೇರಿನ 'ಝಡ್' ಆಯ್ಕೆಯಿಂದ ಖಾಲಿ ಜಾಗಕ್ಕೆ ಸೊನ್ನೆ ತುಂಬಿ, ಮತ್ತೆ ಇಮೇಜ್ ತೆಗೆಯಿರಿ. ಅಳಿಸಿಹೋದ ಲೆಕ್ಕದ ಫೈಲು ಮುಂದೆ ಬೇಕಾದೀತು ಅನ್ನಿಸಿದರೆ ಮಾತ್ರ ಇದನ್ನು ಮಾಡಲೇಬೇಡಿ.

ಹೊನ್ನಾವರ ಪೇಟೆ: ತಾಳಮದ್ದಲೆ ಸಿಡಿಗೆ ಫ್ಲ್ಯಾಕ್ ಮಾಡಿ, ಅದು ಧ್ವನಿಗೆಂದೇ ಇರುವ ಕುಗ್ಗಿಸುವ ರೂಪ. ಸಿಡಿ ಆಡಿಯೊ ಸೆಕೆಂಡಿಗೆ 1,76,400 ಬೈಟ್. ಜಿಪ್ ಹುಡುಕುವುದು ಮತ್ತೆ ಮತ್ತೆ ಬರುವ ಬೈಟುಗಳನ್ನು, ಧ್ವನಿಯಲ್ಲಿ ಅಂಥವು ಸಿಗುವುದು ಅಪರೂಪ. ಫ್ಲ್ಯಾಕ್ ಹಿಂದಿನ ಸ್ಯಾಂಪಲ್ (ಧ್ವನಿಯ ಒಂದು ಕ್ಷಣದ ಅಳತೆ) ನೋಡಿ ಮುಂದಿನದನ್ನು ಊಹಿಸಿ, ವ್ಯತ್ಯಾಸವನ್ನಷ್ಟೇ ಬರೆಯುತ್ತದೆ. ಅರ್ಥಗಾರಿಕೆಯಲ್ಲಿ ಮಾತು, ಮಧ್ಯೆ ಮೌನ ಜಾಸ್ತಿ, ಅರ್ಧಕ್ಕೆ ಇಳಿದರೂ ಇಳಿದೀತು. ಏನೂ ಕಳೆಯಲ್ಲ. ಕ್ಯೂ ಫೈಲನ್ನು ಜೊತೆಗೇ ಇಟ್ಟುಕೊಳ್ಳಿ.

ಬನವಾಸಿರೋಡ್ ಹೆಗಡೆ, ಶಿರಸಿ: ಕಂಪ್ಯೂಟರ್ ಇಮೇಜಿನಿಂದಲೇ ಶುರುಮಾಡುತ್ತೇನೆ. ಕುಗ್ಗಿಸುವಾಗ ಕರೆಂಟು ಹೋದರೆ?

ಕುಮಟಾ ಸ್ಟುಡಿಯೊ: ಮೂಲ ಫೈಲಿಗೆ ಏನೂ ಆಗಲ್ಲ, ಅರ್ಧ ಆದ ಆರ್ಕೈವ್ (ಕುಗ್ಗಿಸಿದ ಫೈಲು) ಬಿಸಾಡಬೇಕಷ್ಟೆ. ಅಪಾಯ ಇರುವುದು ಆಮೇಲೆ. ಕಚ್ಚಾ ಇಮೇಜಲ್ಲಿ ಒಂದು ಸೆಕ್ಟರ್ ಕೆಟ್ಟರೆ ಸಾಮಾನ್ಯವಾಗಿ ಆ ಒಂದು ಫೈಲಿಗಷ್ಟೇ ಪೆಟ್ಟು. ಸೆವೆನ್‌ಝಡ್ (ಸೆವೆನ್‌ಜಿಪ್‌ನ ಆರ್ಕೈವ್) ಒಳಗೆ ಕೆಟ್ಟರೆ ಅಲ್ಲಿಂದ ಮುಂದಿನದೆಲ್ಲ ಬಿಚ್ಚಲಿಕ್ಕಾಗದೆ ಹೋಗಬಹುದು. ಅದಕ್ಕೆ ಪಾರ್2 ಫೈಲು (ಕೆಟ್ಟ ಭಾಗವನ್ನು ಸರಿಪಡಿಸಲಿಕ್ಕೆ ಬೇಕಾದ ಹೆಚ್ಚುವರಿ ಮಾಹಿತಿ) ಜೊತೆಗಿಡಿ, ಎರಡನೇ ಪ್ರತಿ ಬೇರೆ ಡಿಸ್ಕಲ್ಲಿರಲಿ. ಮೂಲದ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಮೊದಲೇ ಬರೆದಿಟ್ಟುಕೊಳ್ಳಿ, ಆರ್ಕೈವನ್ನು ಪೂರ್ತಿ ಬಿಚ್ಚಿ ತಾಳೆ ನೋಡಿದ ಮೇಲೇ ಅಳಿಸಿ.

ಬೈತಖೋಲ ಬಂದರು: ಎರಡನೇ ಪ್ರತಿಗೆ ಡಿಸ್ಕ್ ಕೊಳ್ಳುವುದೇ ಆದರೆ ಮೊದಲ ದಿನವೇ ದೊಡ್ಡ ಡಿಸ್ಕ್ ತಗೊಂಡು ಯಾವುದನ್ನೂ ಕುಗ್ಗಿಸದೆ ಇಡುವುದು ಮೇಲಲ್ಲವಾ?

ಗುಣವಂತೆ ಕಡೆಯವ: ಡಿವಿಡಿಗಳಿಗೆ, ಹೌದು. ಅದನ್ನೇ ನಾನೂ ಹೇಳುತ್ತಿರುವುದು.